ಗಯಾಬಾಯಿಯ ಸಾಲು

ಕಲ್ಯಾಣಿ,
ಚಿತ್ರಭಾನು ಸಂವತ್ಸರ, ಫಾಲ್ಗುಣ ಬಹುಳ ದ್ವಾದಶಿ,
ಇಸವಿ ೧೯೪೩

ನನ್ನ ಸುಂದ್ರಾಗೆ, ಅಜ್ಜನ ಆಶೀರ್ವಾದಗಳು.

ಮೊದಲು ನಿನ್ನ ಆರೋಗ್ಯದ ಮಾತು. ಮಾಘದಲ್ಲಿ ನಿನಗೆ ಜ್ವರ ಬಂದು ಎಂಟು ದಿನ ಏಳಲಾಗದೆ ಮಲಗಿದ್ದೆ ಎಂಬುದು ನಮಗೆ ತಿಳಿದದ್ದು ಜ್ವರ ಬಿಟ್ಟ ಮೇಲೆ. ನಿಮ್ಮ ಹುಮನಾಬಾದಿನ ಅಡತಿಗೆ ಬಂಡಿಯಲ್ಲಿ ಜೋಳ ಒಯ್ದಿದ್ದ ಅಜೀಮುದ್ದೀನ್ ಬಂದು, "ನಿಮ್ಮ ಮೊಮ್ಮಗಳು ಎದ್ದು ಕುಂತಾಳ್ರಿ, ಗಂಜಿ ಕುಡೀಲಿಕತ್ತಾಳ, ಫಿಕರ್ ಮಾಡಬ್ಯಾಡ್ರಿ" ಅಂದ. ಮಲಗಿದ್ದಳೆಂಬುದೇ ಗೊತ್ತಿಲ್ಲದವರಿಗೆ ಎದ್ದು ಕೂತ ಸುದ್ದಿ! ಈಗ ಹೇಗಿದ್ದೀ? ಜ್ವರದ ನಂತರ ಕೂದಲು ಉದುರುತ್ತದೆ. ಎಣ್ಣೆಗೆ ಮೆಂತ್ಯ ಹಾಕಿ ಕಾಯಿಸಿ ಹಚ್ಚಿಕೋ. ನಿನ್ನ ಅತ್ತೆ ಯಶೋದಾಬಾಯಿಯವರ ಮೊಣಕಾಲು ನೋವು ಹೇಗಿದೆ? ಅಳಿಯ ಉತ್ತಮ ಸುಖವಾಗಿದ್ದಾನಲ್ಲವೇ? ಇಲ್ಲಿ ನಿನ್ನ ತಂದೆ ಜ್ಞಾನೇಶ್ವರ, ತಾಯಿ, ತಮ್ಮ ತುಳಜಾರಾಮ ಎಲ್ಲರೂ ಕ್ಷೇಮ. ನನ್ನ ಬಲಗೈ ಹೆಬ್ಬೆರಳು ಮುಂಜಾನೆ ಒಂದಿಷ್ಟು ನಡುಗುತ್ತದೆ, ಬಿಸಿಲೇರಿದ ಮೇಲೆ ಸರಿಹೋಗುತ್ತದೆ. ಅಕ್ಷರಗಳು ಓರೆಯಾಗಿದ್ದರೆ ಅದರ ತಪ್ಪು ಬೆರಳಿನದಲ್ಲ. ಇದು ಮೂರನೆಯ ಕಾಗದ, ಮೊದಲಿನ ಎರಡನ್ನು ಹರಿದು ಒಲೆಗೆ ಹಾಕಿದೆ.

ನಿನ್ನ ಹೆಸರಿಗೆ ನಾನು ಬರೆಯುತ್ತಿರುವ ಮೊದಲ ಪತ್ರ ಇದು. ಇಷ್ಟು ದಿನ ಉತ್ತಮನಿಗೆ ಬರೆದು ಕೊನೆಯಲ್ಲಿ "ಸುಂದರಬಾಯಿಗೆ ಆಶೀರ್ವಾದ ತಿಳಿಸುವುದು" ಎಂದು ಸೇರಿಸುತ್ತಿದ್ದೆ. ನಿನಗೆ ಓದಲು ಬರುವುದಿಲ್ಲ ಎಂಬುದು ಆಗಿನ ಕಾರಣ. ಓದಲು ಬರುತ್ತದೆಂದು ಹೋದ ಯುಗಾದಿಗೇ ತಿಳಿಯಿತು. ಆದರೂ ಒಂದು ವರ್ಷ ಪೂರ್ತಿ ಬರೆಯಲಿಲ್ಲ. ಇದರ ಕಾರಣವನ್ನು ಈ ಪತ್ರದಲ್ಲಿ ಹೇಳಬೇಕು. ನಲವತ್ತು ವರ್ಷ ಕಚೇರಿಯ ಮುಂದಿನ ಬೇವಿನ ಗಿಡದ ಕೆಳಗೆ ಕೂತು ಮಂದಿಯ ಅರ್ಜಿ ಬರೆದವನು ನಾನು. ಮೊದಲು ನಡೆದ ಸಂಗತಿ, ಆಮೇಲೆ ತಪ್ಪು ಯಾರದೆಂಬುದು, ಕೊನೆಗೆ ಬೇಡಿಕೆ. ಬೇರೆ ರೀತಿಯಲ್ಲಿ ಬರೆಯಲು ನನಗೆ ಬರುವುದಿಲ್ಲ. ನಿನಗೆ ಗೊತ್ತಿದ್ದದ್ದನ್ನೇ ಮತ್ತೆ ಹೇಳಿದರೆ ಬೇಸರಪಡಬೇಡ.

ನಮ್ಮ ಪಡಸಾಲೆಯ ಮೂಡಣ ಗೋಡೆಯ ಪದ್ಧತಿ ನನ್ನ ಅಪ್ಪ ಹಾಕಿದ್ದು. ಹೋಳಿ ಮುಗಿದ ಮೇಲೆ ಮನೆಗೆಲ್ಲ ಸುಣ್ಣ, ಆ ಒಂದು ಗೋಡೆಗೆ ಮಾತ್ರ ಕೆಮ್ಮಣ್ಣು. ಯುಗಾದಿಯ ದಿನ ಬೇವುಬೆಲ್ಲ ತಿಂದಾದ ಮೇಲೆ ಮನೆಯ ಪ್ರತಿಯೊಬ್ಬರೂ ಬರುವ ವರ್ಷದಲ್ಲಿ ತಾವು ಮಾಡಬೇಕೆಂದಿರುವ ಒಂದೇ ಒಂದು ಕೆಲಸವನ್ನು ಬಾಯಿಬಿಟ್ಟು ಹೇಳಬೇಕು. ಬೇವಿನ ಕಡ್ಡಿಯ ತುದಿ ಜಗಿದು, ಸುಣ್ಣದ ನೀರಿನಲ್ಲಿ ಅದ್ದಿ, ನಾನು ಅದನ್ನು ಕೆಂಪು ಗೋಡೆಯ ಮೇಲೆ ಹೆಸರಿನ ಮುಂದೆ ಬರೆಯಬೇಕು. ಮಾಡಿ ಮುಗಿಸಿದವರು ಮುಂದಿನ ಯುಗಾದಿಯ ಹಿಂದಿನ ದಿನ ತಮ್ಮ ಕೈಯಿಂದಲೇ ಕೆಮ್ಮಣ್ಣು ಸವರಿ ತಮ್ಮ ಸಾಲನ್ನು ಅಳಿಸಬೇಕು. ಮುಗಿಸದವರ ಸಾಲು ಹಾಗೆಯೇ ಉಳಿಯುತ್ತದೆ, ಮಣ್ಣು ಹಚ್ಚುವವರು ಅದರ ಸುತ್ತ ಬಿಟ್ಟು ಹಚ್ಚುತ್ತಾರೆ. ಒಬ್ಬರ ಸಾಲನ್ನು ಇನ್ನೊಬ್ಬರು ಅಳಿಸುವಂತಿಲ್ಲ. ಗೋಡೆ ಬರೆಯುವ ಕೆಲಸ ನನ್ನದೇ ಏಕೆಂದರೆ ಮನೆಯಲ್ಲಿ ಕನ್ನಡ ಅಕ್ಷರ ಬಲ್ಲವನು ನಾನೊಬ್ಬನೇ. ಜ್ಞಾನೇಶ್ವರ, ತುಳಜಾರಾಮ ಇಬ್ಬರೂ ಸರ್ಕಾರಿ ಮದರಸಾದಲ್ಲಿ ಕಲಿತವರು. ಉರ್ದು ಬಲ್ಲರು, ಕನ್ನಡ ಬಾಯಲ್ಲಿದೆ, ಕಣ್ಣಿಗೆ ಗೊತ್ತಿಲ್ಲ. ಹೆಂಗಸರಿಗೆ ಅಕ್ಷರ ಕಲಿಸುವ ಮಾತಂತೂ ಬರಲೇ ಇಲ್ಲ.

ಕಚೇರಿಯ ಮುಂದೆ ನನ್ನ ಹೆಸರು ನಡೆದದ್ದು ಒಂದೇ ಗುಣದಿಂದ. ಹೇಳಿದವರು ಹೇಳಿದ್ದನ್ನೇ ಬರೆಯುತ್ತಿದ್ದೆ, ಬರೆದದ್ದನ್ನು ಓದಿ ಹೇಳುತ್ತಿದ್ದೆ, ಅವರು ಹೌದೆಂದ ಮೇಲೆಯೇ ಹೆಬ್ಬೆಟ್ಟು ಒತ್ತಿಸುತ್ತಿದ್ದೆ. ನಮ್ಮ ಓಣಿಯ ಬಿಸ್ಮಿಲ್ಲಾ ಬೀ ಹೈದರಾಬಾದಿನ ಮಗ ಜಲಾಲುದ್ದೀನನಿಗೆ ಪತ್ರ ಬರೆಸುವಾಗ, "ನಾ ಬೈದಿದ್ದೂ ಬರ್ದೀರಿಲ್ಲೋ? ಸಕ್ಕರಿ ಹಚ್ಚಬ್ಯಾಡ್ರಿ ಮತ್ತ, ಅವಂಗ ಬೈಗಳಾನೇ ಬೇಕು" ಅನ್ನುತ್ತಿದ್ದಳಲ್ಲ, ಅವಳ ಬೈಗಳದಲ್ಲಿ ಒಂದನ್ನೂ ನಾನು ಬಿಟ್ಟವನಲ್ಲ. ಹಾಗೆಂದು ಎದೆಯುಬ್ಬಿಸಿಕೊಂಡು ಸಂಜೆ ಮನೆಗೆ ಬರುತ್ತಿದ್ದೆ.

ಈಗ ತಪ್ಪಿನ ಮಾತು. ನಿನಗೆ ಒಂಬತ್ತು ವರ್ಷವಾಗಿದ್ದಾಗಿನ ಯುಗಾದಿ. ತುಳಜಾರಾಮ ಬಾವಿಯಲ್ಲಿ ಈಜು ಕಲಿಯುತ್ತೇನೆಂದ, ಬರೆದೆ. ನಿನ್ನ ಸರದಿ ಬಂದಾಗ ಲಂಗದ ಅಂಚು ಹಿಡಿದು ಮುಂದೆ ಬಂದು, "ಅಜ್ಜಾ, ನಾ ಓದಾಕ ಕಲೀತೀನಿ. ನಿನ್ನಂಗ ಗಿಡದ ಬುಡಕ ಕುಂತು ಅರ್ಜಿ ಬರೀತೀನಿ" ಅಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ ಕಡ್ಡಿ ಅದ್ದಿ ಬರೆದೆ. ನೀನು ಬಿಡಲಿಲ್ಲ, ಬಿಸ್ಮಿಲ್ಲಾ ಬೀಯಿಂದ ಕಲಿತಿದ್ದೆಯೋ ಏನೋ, "ಬರದದ್ದು ಓದಿ ತೋರ್ಸು" ಅಂದೆ. ನಾನು ಬೆರಳಿಟ್ಟು, ಒಂದೊಂದೇ ಅಕ್ಷರದ ಮೇಲೆ ನಿಂತು, "ಸುಂದರಬಾಯಿ ಓದು ಬರಹ ಕಲಿಯಬೇಕು" ಎಂದು ಓದಿ ತೋರಿಸಿದೆ. ನೀನು ಚಪ್ಪಾಳೆ ತಟ್ಟಿದೆ. ಗೋಡೆಯ ಮೇಲಿದ್ದದ್ದು "ಸುಂದರಬಾಯಿ ರೊಟ್ಟಿ ಬಡಿಯುವುದು ಕಲಿಯಬೇಕು."

ಆಮೇಲಿನ ನಾಲ್ಕು ವರ್ಷ ಎಲ್ಲರೂ ಹೊಸ ಸಾಲು ಹೇಳುವಾಗ ನೀನು ನಿನ್ನದರ ಹತ್ತಿರ ಹೋಗಿ, "ನಂದು ಇನ್ನೂ ಆಗಿಲ್ಲ, ಇರ್ಲಿ" ಅನ್ನುತ್ತಿದ್ದೆ. ಯಾವಾಗ ಕಲಿಸುತ್ತೀ ಎಂದು ಕೇಳಿದರೆ ಈ ಸುಗ್ಗಿ ಮುಗಿಯಲಿ, ಈ ಮಳೆ ನಿಲ್ಲಲಿ ಎನ್ನುತ್ತಿದ್ದೆ ನಾನು. ಹದಿಮೂರಕ್ಕೆ ನಿನ್ನನ್ನು ನೋಡಲು ಹುಮನಾಬಾದಿನಿಂದ ನಿನ್ನ ಮಾವನವರು ಬಂದರು. ಆ ಗೋಡೆಯ ಕೆಳಗೇ ಕಂಬಳಿ ಹಾಸಿದ್ದೆವು. ಅವರಿಗೆ ಕನ್ನಡ ಓದಲು ಬರುತ್ತಿತ್ತು. ತಲೆಯೆತ್ತಿ ಓದಿ, "ಏನ್ರಿ ಮಚ್ಚೇಂದ್ರಪ್ಪನವ್ರ, ನಿಮ್ಮ ಮನ್ಯಾಗ ಹುಡುಗಿನ್ನ ಕೇಳೋ ಕೆಲಸಾನೇ ಇಲ್ಲ ಬಿಡ್ರಿ. ಗ್ವಾಡಿನೇ ಎಲ್ಲಾ ಹೇಳಾಕತ್ತದ!" ಎಂದು ನಕ್ಕರು. ಒಳಗಿನಿಂದ ನೀನು ಬಡಿದ ರೊಟ್ಟಿಗಳು ಬಂದವು. ಸಂಬಂಧ ಕುದುರಿತು. ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ. ಅರ್ಜಿ ಬರೆಯುತ್ತೇನೆಂದ ಹುಡುಗಿಯ ಮನೆಗೆ ಯಾರು ಬರುತ್ತಿದ್ದರು ಎಂದು ನಿನ್ನ ಅಪ್ಪನಿಗೆ ಹೇಳಿಕೊಳ್ಳಬೇಕೆನಿಸಿತು. ಹೇಳಿದರೆ ಗೋಡೆಯ ಗುಟ್ಟು ಹೊರಬೀಳುತ್ತದೆಂದು ಸುಮ್ಮನಾದೆ.

ಯಾರ ಪುಣ್ಯವೋ, ಆ ಮನೆಯಲ್ಲಿ ನಿನಗೆ ಯಶೋದಾಬಾಯಿಯವರಂಥ ಅತ್ತೆ ಸಿಕ್ಕರು. ಪುರಾಣ ಓದುವವರ ಮಗಳು, ಮಧ್ಯಾಹ್ನ ಕಾಳು ಆರಿಸುವ ಮೊರದಲ್ಲೇ ಬೆರಳಿನಿಂದ ನಿನಗೆ ಅಕ್ಷರ ತಿದ್ದಿಸಿದರಂತೆ. ಇದನ್ನೂ ಹೋದ ಯುಗಾದಿಯ ನಂತರ ನನಗೆ ಹೇಳಿದವನು ಅಜೀಮುದ್ದೀನ್. ನಾಲ್ಕು ವರ್ಷ ನನಗೆ ಸಿಗದಿದ್ದ ಬಿಡುವು ಆ ತಾಯಿಗೆ ಮೊರದ ಮುಂದೆ ಸಿಕ್ಕಿತು. ಅವರ ಕಾಲಿಗೆ ನನ್ನ ಪರವಾಗಿ ನಮಸ್ಕಾರ ಮಾಡು.

ಹೋದ ವರ್ಷದ ಯುಗಾದಿಯ ಹಿಂದಿನ ಮಧ್ಯಾಹ್ನ ನೀನು ಬೆಲ್ಲದ ಹೆಂಟೆ ಹಿಡಿದು ಬಂಡಿಯಿಂದ ಇಳಿದಾಗ ನಾನು ಕೆಮ್ಮಣ್ಣು ಕಲಸುತ್ತಿದ್ದೆ. ನೀನು ಕಾಲು ತೊಳೆದು ಪಡಸಾಲೆಗೆ ಬಂದೆ. ಗೋಡೆಯ ಮುಂದೆ ನಿಂತೆ. ತುಟಿ ಸಣ್ಣಗೆ ಅಲುಗುತ್ತಿತ್ತು. ದೇವರ ನಾಮವೇನೋ ಅಂದುಕೊಂಡೆ. ಆಮೇಲೆ ಬಗ್ಗಿ, ನನ್ನ ಬುಟ್ಟಿಯಿಂದ ಒಂದು ಹಿಡಿ ಮಣ್ಣು ತೆಗೆದುಕೊಂಡು, "ಅಜ್ಜಾ, ರೊಟ್ಟಿ ಬಡಿಯೋದು ಕಲ್ತೀನಿ. ನಂದು ಮುಗದ್ಹಂಗಾತು. ಅಳಸ್ತೀನಿ" ಅಂದೆ. ಒಂದೇ ಸಲ ಸವರಿದೆ. ತುಳಜಾರಾಮ ಆಚೆಯಿಂದ, "ಏ ಸುಂದ್ರೀ, ಯಾವ್ದು ಯಾರದಂತ ನಿಂಗೇನ್ ಗೊತ್ತು? ನನ್ನ ಕುಸ್ತಿ ಅಳಸಿಗಿಳಸೀದಿ ಮತ್ತ!" ಎಂದು ಕೂಗಿದ. "ನಿಂದು ಕೆಳಗ ಅದನೋ ಪೈಲ್ವಾನ, ಹಂಗೇ ಅದ. ಹೆದರಬ್ಯಾಡ" ಅಂದೆ ನೀನು. ಅವನು ನಕ್ಕ. ಅವನಿಗೆ ಏನೂ ತಿಳಿಯಲಿಲ್ಲ. ನಾನು ಕಲಸಿದ ಮಣ್ಣನ್ನೇ ಮತ್ತೆ ಕಲಸುತ್ತ ಕೂತೆ.

ನೀನು ಜಗಳ ಮಾಡಿದ್ದರೆ ಏನಾದರೂ ಹೇಳುತ್ತಿದ್ದೆನೇನೋ. ಅರ್ಜಿ ಬರೆಯುವವನಿಗೆ ಸಮಜಾಯಿಷಿ ಹುಟ್ಟಿಸುವುದು ಎಷ್ಟರ ಕೆಲಸ! ನೀನು ಹಾಗೆ ಮಾಡಲಿಲ್ಲ. ಎರಡು ಹೆಜ್ಜೆ ಸರಿದು ಬಾಗಿಲ ಪಕ್ಕದ ಸಾಲಿನ ಮುಂದೆ ನಿಂತು ಅದನ್ನೂ ಓದಿದೆ. "ಇದು ಅಜ್ಜಿದು ಅಲಾ?" ಅಂದೆ. ನಾನು ಹೂಂ ಅಂದೆ. "ಕುಂಕುಮ ಇನ್ನೂ ಅದ" ಅಂದೆ, ಅಷ್ಟೇ. ಮರುದಿನ ಬೇವುಬೆಲ್ಲ ತಿಂದು, ನಿನ್ನ ಹೊಸ ಸಾಲು ಯಾವುದೆಂದು ನಾನು ಎಲ್ಲರೆದುರು ಕೇಳಲೇಬೇಕಾದಾಗ, "ಈ ವರ್ಷದ್ದು ಹುಮನಾಬಾದಾಗ ನಾನೇ ಬರ್ಕೋತೀನಿ ಅಜ್ಜಾ. ನೀ ಯಾಕ ತ್ರಾಸು ತಗೋತಿ" ಎಂದೆ. ಎಷ್ಟು ಮೃದುವಾಗಿ ಅಂದೆಯೆಂದರೆ ನಿನ್ನ ಅಮ್ಮ, "ನೋಡ್ರಿ, ಅತ್ತೀಮನಿಗೆ ಹೋಗಿ ಎಷ್ಟು ಶಾಣ್ಯಾ ಆಗ್ಯಾಳ" ಎಂದು ಸಂತೋಷಪಟ್ಟಳು.

ನಾನು ನಿನ್ನ ಸಾಲನ್ನು ಏಕೆ ಬದಲಿಸಿದೆ? ಮದುವೆಯ ಚಿಂತೆಯಿಂದ ಎಂದು ಮೊದಲ ಕಾಗದದಲ್ಲಿ ಬರೆದೆ, ಹರಿದೆ. ದಣಿದು ಬರುತ್ತಿದ್ದೆ, ಕಲಿಸಲು ತ್ರಾಣವಿರಲಿಲ್ಲ ಎಂದು ಎರಡನೆಯದರಲ್ಲಿ ಬರೆದೆ, ಅದನ್ನೂ ಹರಿದೆ. ಎರಡೂ ಪೂರಾ ಸುಳ್ಳಲ್ಲ. ಆದರೆ ನೀನು ಲಂಗದ ಅಂಚು ಹಿಡಿದು ಬಂದ ಗಳಿಗೆಯಲ್ಲಿ ನಾನು ಸಾಲು ಬದಲಿಸಿದ್ದು ಬೇರೆ ಕಾರಣಕ್ಕೆ. ಈ ಹುಡುಗಿಗೆ ಅಕ್ಷರ ಬಂದರೆ ಇವಳು ಗೋಡೆ ಓದುತ್ತಾಳೆ ಎಂದು ಹೆದರಿದೆ. ಆ ಹೊತ್ತಿಗಾಗಲೇ ಬಾಗಿಲ ಪಕ್ಕದ ಸಾಲು ಅಲ್ಲಿ ಹನ್ನೊಂದು ವರ್ಷದಿಂದ ಕೂತಿತ್ತು.

"ಗಯಾಬಾಯಿ ಮನೆಯವರೆಲ್ಲರ ಸೇವೆ ಮಾಡಬೇಕು." ನೀನು ಓದಿದೆಯಲ್ಲ, ಅದು ನಿನ್ನ ಅಜ್ಜಿ ಹೇಳಿದ್ದಲ್ಲ. ಅವಳು ಬೇರೇನೋ ಹೇಳಿದಳು, ನಾನು ಇದನ್ನು ಬರೆದೆ. ಇಂಥ ಸಾಲು ಯಾವ ವರ್ಷಕ್ಕೂ ಮುಗಿಯುವುದಿಲ್ಲ, ಅಳಿಸುವ ದಿನವೇ ಬರುವುದಿಲ್ಲ. ಅವಳು ದಿನಾ ಮುಂಜಾನೆ ಹೊಸ್ತಿಲಿಗೆ ಕುಂಕುಮ ಇಟ್ಟು, ಬೆರಳಿಗೆ ಉಳಿದ ಕುಂಕುಮವನ್ನು ಆ ಸಾಲಿನ ತುದಿಗೆ ಒತ್ತುತ್ತಿದ್ದಳು. ತನ್ನ ಮಾತಿಗೆ ಕುಂಕುಮ ಇಡುತ್ತಿದ್ದೇನೆ ಎಂದು ಅವಳು ತಿಳಿದಿದ್ದಳು. ನಾನು ಎದುರಿಗೇ ಕೂತು ಚಹಾ ಕುಡಿಯುತ್ತಿದ್ದೆ. ಹದಿನೇಳು ವರ್ಷ ಇದು ನಡೆಯಿತು. ಆಮೇಲೆ ಆ ಶ್ರಾವಣದಲ್ಲಿ ಅವಳು ಹೋದಳು.

ಅವಳು ಹೋದಾಗ ನಾನು ಅಳಲಿಲ್ಲವೆಂದು ಮಂದಿ ನನ್ನ ಧೈರ್ಯವನ್ನು ಹೊಗಳಿದರು. ನೀನು ಆ ದಿನ ನನ್ನ ಪಕ್ಕದಲ್ಲಿ ಕೂತು ನನ್ನ ಅಂಗೈಯನ್ನು ನಿನ್ನ ಎರಡೂ ಕೈಯಲ್ಲಿ ಹಿಡಿದಿದ್ದೆ. ಬಲಗೈ ಅದು. ಈಗ ನೆನೆದರೆ ಅದನ್ನು ನಿನ್ನ ಕೈಯಿಂದ ಎಳೆದುಕೊಳ್ಳಬೇಕು ಅನ್ನಿಸುತ್ತದೆ.

ಇನ್ನು ನಾಲ್ಕು ದಿನಕ್ಕೆ ಯುಗಾದಿ. ಜ್ಞಾನೇಶ್ವರ ನಿನ್ನೆ, "ಅಪ್ಪಾ, ಮಣ್ಣು ತಂದೀನಿ, ಕಲಸೋಣೇನ್ರಿ?" ಎಂದು ಕೇಳಿದ. ಈ ವರ್ಷ ಯಾರ ಸಾಲನ್ನೂ ನಾನು ಬರೆಯುವುದಿಲ್ಲ, ಬೇಕಿದ್ದವರು ಉರ್ದುವಿನಲ್ಲಿ ತಾವೇ ಬರೆದುಕೊಳ್ಳಲಿ ಅಂದೆ. ಕೈ ನಡುಗುತ್ತದೆ ಅದಕ್ಕೆ ಎಂದು ಅವನೇ ಕಾರಣ ಹುಡುಕಿಕೊಂಡ. ನನಗೂ ಒಂದು ಸಾಲು ಬೇಕಲ್ಲ. ಅರವತ್ತೆಂಟಾದರೂ ವರ್ಷಕ್ಕೊಂದು ಕೆಲಸವಿಲ್ಲದೆ ಬದುಕಲಾಗುವುದಿಲ್ಲ. ಪಾಟಿಯ ಮೇಲೆ ಬರೆದು ನೋಡಿದೆ. ಮೊದಲು "ಮಚ್ಚೇಂದ್ರ ಪಂಢರಪುರಕ್ಕೆ ಹೋಗಿ ಬರಬೇಕು" ಎಂದು ಬರೆದೆ. ನಾನು ಯಾರಿಂದ ಓಡುತ್ತಿದ್ದೇನೆಂದು ಪಾಂಡುರಂಗನಿಗೂ ತಿಳಿಯುತ್ತದೆ. ಉಗುಳು ಹಚ್ಚಿ ಒರೆಸಿದೆ. ಆಮೇಲೆ "ಸುಂದರಬಾಯಿಯ ಕ್ಷಮೆ ಕೇಳಬೇಕು" ಎಂದು ಬರೆದೆ. ಅದು ಈ ಪತ್ರ ಬಂಡಿ ಹತ್ತಿದೊಡನೆ ಮುಗಿದುಹೋಗುತ್ತದೆ. ಯುಗಾದಿಗೆ ಮೊದಲೇ ಅಳಿಸಿಕೊಳ್ಳಬಹುದಾದ ಸಾಲು ನನಗೆ ಬಹಳ ಅಗ್ಗವೆನಿಸಿತು. ಕೊನೆಗೆ ಬರೆದದ್ದನ್ನು ಒರೆಸಿಲ್ಲ. "ಗಯಾಬಾಯಿ ಹೇಳಿದ್ದನ್ನು ಈ ವರ್ಷ ಮಚ್ಚೇಂದ್ರ ಮಾಡಿ ಮುಗಿಸಬೇಕು." ಇದೇ ನನ್ನ ವರ್ಷದ ಕೆಲಸ. ಮಾಡಿ ಮುಗಿಸಿ ಮುಂದಿನ ಯುಗಾದಿಗೆ ಎರಡು ಸಾಲುಗಳನ್ನೂ, ಅವಳದನ್ನೂ ನನ್ನದನ್ನೂ, ಒಂದೇ ಹಿಡಿ ಮಣ್ಣಿನಿಂದ ಸವರಿಬಿಡಬೇಕು. ಆಗ ನೀನು ಎದುರಿಗೆ ಇದ್ದರೆ ಚೆನ್ನ. ಬಾ ಎನ್ನುವ ಮುಖ ನನಗಿಲ್ಲ. ಬಂದರೆ ಬಾಗಿಲು ತೆರೆದೇ ಇರುತ್ತದೆ.

ಯಶೋದಾಬಾಯಿಯವರಿಗೆ ನಮಸ್ಕಾರ, ಉತ್ತಮನಿಗೆ ಆಶೀರ್ವಾದ. ನಿನಗೆ ಏನೆಂದು ಹರಸಲಿ? ನಿನ್ನ ಮಾತು ನೀನು ಹೇಳಿದಂತೆಯೇ ಉಳಿಯಲಿ, ಯಾರ ಕೈಯೂ ಅದನ್ನು ತಿದ್ದದಿರಲಿ. ಎಣ್ಣೆಗೆ ಮೆಂತ್ಯ ಹಾಕುವುದನ್ನು ಮರೆಯಬೇಡ.

ನಿನ್ನ ಅಜ್ಜ,
ಮಚ್ಚೇಂದ್ರ

ತಾ. ಕ. ಅಜೀಮುದ್ದೀನ್ ಎತ್ತು ಕಟ್ಟಿ, "ಸಾಬ್ರ, ಬಿಸಿಲೇರ್ತದ, ಲಗೂನೆ ಕೊಡ್ರಿ" ಎಂದು ಕೂಗುತ್ತಿದ್ದಾನೆ. ಅರ್ಜಿ ಬರೆದು ಬೇಡಿಕೆಯನ್ನೇ ಬಿಟ್ಟೆ. ಬೇಕೆಂತಲೇ ಬಿಟ್ಟೆ, ಬರೆಯಲು ನಾಚಿಕೆಯಾಗಿ. ಸುಂದ್ರಾ, ನಿನ್ನ ಅಜ್ಜಿ ಏನು ಹೇಳಿದ್ದಳೆಂದು ನನಗೆ ನೆನಪಿಲ್ಲ. ಅವಳು ಹೇಳಿದ್ದು ಒಂದೇ ಸಲ, ಆ ಸಾಲು ಬರೆದ ಮೊದಲ ವರ್ಷ. ಆ ಹೊತ್ತಿಗೆ ನಾರಾಯಣಪುರದವನೊಬ್ಬ ಅರ್ಜಿಗೆಂದು ಬಾಗಿಲಲ್ಲಿ ಬಂದು ನಿಂತಿದ್ದ. ನಾನು ಅವನ ಕಡೆ ನೋಡುತ್ತ, ಕಡ್ಡಿಗೆ ಬಂದದ್ದನ್ನು ಬರೆದೆ, ಆಮೇಲೆ ಕೇಳಿ ಸರಿಮಾಡಿದರಾಯಿತೆಂದು. ಮರುವರ್ಷದಿಂದ ಅವಳು, "ನಂದು ಅದೇ ಇರ್ಲಿ, ಇನ್ನೂ ಆಗಿಲ್ಲ" ಎಂದಷ್ಟೇ ಹೇಳುತ್ತಿದ್ದಳು. ಏನದು ಎಂದು ಕೇಳಿದರೆ ಬರೆದಿಲ್ಲವೆಂದು ತಿಳಿಯುತ್ತದೆ ಎಂದು ಹದಿನೇಳು ವರ್ಷ ಕೇಳಲಿಲ್ಲ. ಮೊನ್ನೆ ಬಿಸ್ಮಿಲ್ಲಾ ಬೀಯನ್ನು ಕೇಳಿದೆ. "ನಾ ಎಷ್ಟ್ ಸಲ ಕೇಳೀನ್ರಿ ಭಾಯ್. ನಮ್ಮನಿಯವ್ರು ಗ್ವಾಡಿ ಮ್ಯಾಲ ಬರ್ದಾರ, ಹೋಗಿ ಓದ್ಕೋ ಅಂತ ನಗ್ತಿದ್ಲು" ಅಂದಳು. ನೀನು ಅವಳ ಮಗ್ಗುಲಲ್ಲಿ ಮಲಗಿ ಬೆಳೆದವಳು. ನಿನಗೆ ಎಂದಾದರೂ ಹೇಳಿದ್ದಳೇ? ಅಜೀಮುದ್ದೀನ್ ನಾಡಿದ್ದು ಮರಳುತ್ತಾನೆ, ಒಂದೇ ಸಾಲು ಬರೆದು ಅವನ ಕೈಗೆ ಕೊಡು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಬರೆ. ಮುದುಕನಿಗೆ ಸಮಾಧಾನವಾಗಲಿ ಎಂದು ಬೇರೇನನ್ನೂ ಬರೆಯಬೇಡ.